ಹದಿನೇಳನೇ ಖುರ್ಚಿ

ಫೋನಿನಲ್ಲಿ ಒಂಬತ್ತು ಗಂಟೆ ಎಂಟು ನಿಮಿಷ. ಬಸ್ಸು ಕಾಲುವೆ ಸೇತುವೆಯ ಈಚೆಗೇ ನಿಂತಿತ್ತು. ಮುಂದೆ ಭತ್ತ ಕೊಯ್ಯುವ ಯಂತ್ರ ರಸ್ತೆಗೆ ಅಡ್ಡವಾಗಿ ಕೆಟ್ಟುನಿಂತಿತ್ತು. ನಿನ್ನೆ ಆ್ಯಪ್‌ನಲ್ಲಿ ಬುಕ್ ಮಾಡಿದ್ದ ಸಿಂಧನೂರಿನ ವಾಚನಾಲಯದ ಹದಿನೇಳನೇ ಖುರ್ಚಿ ಒಂಬತ್ತೂಕಾಲಿನವರೆಗೆ ಮಾತ್ರ ನನ್ನದು. ಅಷ್ಟರೊಳಗೆ ಬಾಗಿಲಿಗೆ ಅಂಟಿಸಿದ ಕೋಡ್ ಸ್ಕ್ಯಾನ್ ಮಾಡದಿದ್ದರೆ ಆ್ಯಪ್ ಅದನ್ನು ಕಾಯುತ್ತಿರುವವರಿಗೆ ಕೊಟ್ಟುಬಿಡುತ್ತದೆ. ಪರೀಕ್ಷೆಗೆ ಇನ್ನು ಹನ್ನೊಂದೇ ದಿನ. ಬಳಗಾನೂರಿನ ನಮ್ಮ ಮನೆಯಲ್ಲಿ ಅಪ್ಪನ ಹೊಲಿಗೆ ಯಂತ್ರ, ಟಿವಿ, ಬಟ್ಟೆ ತಂದವರ ಮಾತು ಎಲ್ಲವೂ ಒಂದೇ ಕೋಣೆಯಲ್ಲಿ. ಅಲ್ಲಿ ಓದು ತಲೆಗೆ ಹತ್ತುವುದಿಲ್ಲ. ಈ ವಾರ ಮೂರು ದಿನ ಖುರ್ಚಿ ತಪ್ಪಿ ಹೊರಗಿನ ಮೆಟ್ಟಿಲ ಮೇಲೆ ಓದಿದ್ದೆ.

ಈ ಆ್ಯಪ್ ಬರುವ ಮೊದಲಾಗಿದ್ದರೆ ಗ್ರಂಥಪಾಲಕ ದಸ್ತಗೀರ್‌ಸಾಬ್ ನನ್ನ ಖುರ್ಚಿಯ ಮೇಲೆ ಹಳೇ ರಿಜಿಸ್ಟರೊಂದನ್ನು ಇಟ್ಟು, "ಬಳಗಾನೂರ ಬಸ್ ಇನ್ನಾ ಬಂದಿಲ್ಲ, ಯಾರೂ ಕುಂದ್ರಬ್ಯಾಡ್ರಿ" ಎನ್ನುತ್ತಿದ್ದರು. ಈಗ ಕಂಪ್ಯೂಟರಿನತ್ತ ಕೈ ತೋರಿಸುತ್ತಾರೆ. "ಏನ್ ಮಾಡ್ಲವ್ವಾ, ಇದು ನನ್ನ ಮಾತ ಕೇಳಂಗಿಲ್ಲ." ನಾನು ತಲೆಯಾಡಿಸಿ ಹೊರಗೆ ಬರುತ್ತೇನೆ.

"ಎಷ್ಟ್ ಸಲ ಟೈಮ್ ನೋಡ್ತೀ ಬೇ?" ಪಕ್ಕದಲ್ಲಿ ಕೂತಿದ್ದ ಗೆಳತಿ ಮಹೆಕ್ ತನ್ನ ಫೋನ್ ಚಾಚಿದಳು. "ನಿನ್ನೆ ನಿನ್ನ ಕರಿಯಾಕ ಬಂದಾಗ ಆ ಕೋಡಿನ ಫೋಟೊ ಹೊಡಕೊಂಡೀನಿ. ಇಲ್ಲೇ ಸ್ಕ್ಯಾನ್ ಮಾಡು."

"ಸುಳ್ಳಾಗ್ತೈತಲ್ಲ."

"ಖುರ್ಚಿ ಬೇಕೋ, ಮೆಟ್ಟಿಲ ಬೇಕೋ?"

ಮಾಡಿದೆ. 'ನೀವು ಹಾಜರಾಗಿದ್ದೀರಿ' ಎಂದು ಹಸಿರು ಗುರುತು ಬಂತು. ಫೋನನ್ನು ಬೋರಲಾಗಿ ತೊಡೆಯ ಮೇಲಿಟ್ಟುಕೊಂಡೆ.

ವಾಚನಾಲಯ ಮುಟ್ಟಿದಾಗ ಹತ್ತು ದಾಟಿತ್ತು. ಹದಿನೇಳು ಖಾಲಿ. ಅದರ ಹಿಂದಿನ ಗೋಡೆಗೆ ಒರಗಿ, ಬಂಗಾಳಿ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಶೆಫಾಲಿ ನಿಂತೇ ಓದುತ್ತಿದ್ದಳು. ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದು.

"ಬಾರವ್ವಾ ಶಿವಗಂಗಾ" ಎಂದರು ದಸ್ತಗೀರ್‌ಸಾಬ್. "ಈ ಕಂಪ್ಯೂಟರಿನಾಗ ನೀ ಒಂಬತ್ತೂ ಹತ್ತರಿಂದ ಓದಾಕತ್ತೀ. ನಾನೂ ಅವಾಗಿಂದ ಖುರ್ಚಿ ನೋಡಾಕತ್ತೀನಿ, ನನ್ನ ಕಣ್ಣಿಗೇ ಕಾಣವಲ್ಲಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶೆಫಾಲಿ ಮಾತ್ರ ನಗಲಿಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದಳು.

"ಬಸ್ಸಿನಾಗ ಸ್ಕ್ಯಾನ್ ಮಾಡಿದೆ ಸರ್ರ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ತಪ್ಪಾತು. ನನ್ನ ಹೆಸರು ತಗದ್ ಹಾಕ್ರಿ."

"ಎಲ್ಲಿ ಒತ್ತಬೇಕು ಯಾರಿಗ್ಗೊತ್ತು? ಏನರ ಒತ್ತಿ ಎಲ್ಲಾರ ಹೆಸರೂ ಹೋದ್ರ?"

ನಾನು ಮೊದಲ ಸಲ ಮೇಜಿನ ಆಚೆ ಬದಿಗೆ ಹೋದೆ. ಅವರು ಎಂದೂ ತೆರೆಯದ ಪುಟವನ್ನು ತೆರೆದೆ. ಹೆಸರು ತೆಗೆಯುವ ಗುಂಡಿ ಅಲ್ಲಿತ್ತು. ಅದರ ಕೆಳಗೇ 'ಕಾಯುವ ಅವಧಿ: 15 ನಿಮಿಷ' ಎಂದಿತ್ತು.

"ಸರ್ರ, ಇದನ್ನ ನೀವ ಬದಲಿ ಮಾಡಬಹುದು."

ಅವರು ಕನ್ನಡಕ ಏರಿಸಿ ಬಗ್ಗಿದರು. "ಯಾ ಅಲ್ಲಾ! ಎರಡ ತಿಂಗಳಿಂದ ಮ್ಯಾಲಿನವರ ಹುಕುಂ ಅಂತ ತಿಳಕೊಂಡೀನಿ. ನೀನರ ಕೇಳಬಾರದಾ?"

ಇನ್ನಷ್ಟು ಹೊತ್ತು ಕೊಡ್ರಿ ಎಂಬ ಮಾತನ್ನೇ ದಿನವೂ ಬಸ್ಸಿನಲ್ಲಿ ಜೋಡಿಸಿಕೊಂಡು ಬರುತ್ತಿದ್ದೆ, ಬಾಗಿಲಲ್ಲಿ ನುಂಗುತ್ತಿದ್ದೆ.

"ನಲವತ್ತ ಹಾಕ್ರಿ" ಎಂದಳು ಶೆಫಾಲಿ. "ನಮ್ಮ ಕ್ಯಾಂಪಿನ ಬಸ್ಸೂ ಹಂಗ ಐತಿ."

ದಸ್ತಗೀರ್‌ಸಾಬ್ ಒಂದೇ ಬೆರಳಿನಿಂದ ನಾಲ್ಕು ಒತ್ತಿದರು, ಸೊನ್ನೆ ಹುಡುಕಿದರು, ಅದನ್ನೂ ಒತ್ತಿದರು. ಏನೂ ಅಳಿಸಿಹೋಗಲಿಲ್ಲ. ಆಮೇಲೆ ಮೌಸನ್ನು ನನ್ನತ್ತ ಸರಿಸಿದರು. "ನಿನ್ನ ಹೆಸರು ತಗಿಯೋ ಗುಂಡಿ ನೀನ ಒತ್ತು."

ಒತ್ತಿದೆ. ಹದಿನೇಳರ ಮುಂದೆ ಶೆಫಾಲಿಯ ಹೆಸರು ಬಂತು. ಕಾಯುವವರಲ್ಲಿ ನಾನು ಆರನೆಯವಳು.

ಮೆಟ್ಟಿಲು ಆಗಲೇ ಬಿಸಿಲಿಗೆ ಕಾದಿತ್ತು. ಚೀಲ ಹಾಸಿಕೊಂಡು ಕೂತೆ. ನಾಳೆಯ ಬುಕಿಂಗ್ ಸಂಜೆ ಆರಕ್ಕೆ ತೆರೆಯುತ್ತದೆ. ಪುಟಕ್ಕೊಮ್ಮೆ ಫೋನ್ ನೋಡುತ್ತಲೇ ಇದ್ದೆ.