ಗಾರ್ವೆ ಎಂದು ಕರೆಯುವವರು

ಹೆಂಡತಿ ಮಾಮೋಯೊ ತೀರಿಕೊಂಡ ಮೇಲೆ ಬಂದ ಮೊದಲ ಬೇಸಗೆಯಲ್ಲಿ ಅವಳ ದನಿ ನನ್ನ ಕಿವಿಯಿಂದ ಜಾರತೊಡಗಿತು. ಮುಖ ಇತ್ತು, ಒಲೆಯ ಮುಂದೆ ಬಗ್ಗಿದ ಬೆನ್ನು ಇತ್ತು. ದನಿ ಮಾತ್ರ ಇರಲಿಲ್ಲ. ಬೆಳಗ್ಗೆ ಮೊಣಕಾಲೂರಿದರೆ ದೇವರಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಅವಳನ್ನು ನೀನು ಇಟ್ಟುಕೋ, ದನಿಯನ್ನಾದರೂ ನನಗೆ ಬಿಡು ಎನ್ನುತ್ತಿದ್ದೆ.

ನಾನು ಗಾರ್ವೆ, ಎಂದರೆ ಮೊಸಳೆಯ ಕುಲದವನು. ಮನೆಗೆ ಏನೇ ತರಲಿ, ಒಂದು ತುಂಡು ಸೋಪೇ ಆಗಲಿ, ಅವಳು ಮಂಡಿ ಬಗ್ಗಿಸಿ, ಅಂಗೈ ಬಟ್ಟಲು ಮಾಡಿ ಮೆಲ್ಲಗೆ ತಟ್ಟಿ, ನನ್ನ ಕುಲವನ್ನು ಹೊಗಳಿ ಉಪಕಾರ ಹೇಳುತ್ತಿದ್ದಳು. ಅದು ಹೆಂಡತಿಯ ಬಾಯಲ್ಲಿ ಬರಬೇಕಾದ ಮಾತು. ಈಗ ತಂದದ್ದನ್ನು ಮೇಜಿನ ಮೇಲಿಟ್ಟು ನಾನೇ ಸುಮ್ಮನೆ ನಿಂತುಬಿಡುತ್ತಿದ್ದೆ.

ಮಗಳು ಶೊರಾಯ್ ಬಂದು, "ಅಪ್ಪಾ, ನೋಡ್ತಾ ಕೂತ್ರೆ ಗೋಡೆ ಮಾತಾಡುತ್ತಾ? ಎದ್ದೇಳಿ. ಕರೀಬಾ ಸರೋವರದ ಹತ್ರ ಮೊಸಳೆ ಸಾಕೋ ಜಾಗಕ್ಕೆ ಹೋಗೋಣ" ಎಂದಳು.

"ನನ್ನ ಗಂಡ ಬರ್ಲೇಬೇಕು. ಅವನ ನೆಂಟರನ್ನ ಅವನೇ ನಂಗೆ ತೋರಿಸ್ಬೇಕು" ಎಂದಳು ಅವಳ ಮಗಳು ಚಿಯೆಡ್ಜಾ. ಮೊಮ್ಮಗಳು ಅಜ್ಜನನ್ನು ಗಂಡ ಎಂದು ಕೆಣಕುವುದು ನಮ್ಮಲ್ಲಿ ಇರುವ ಸಲಿಗೆ.

ಅಳಿಯನೂ ಸೇರಿ ನಾಲ್ವರೂ ಹೋದೆವು. ಸರೋವರದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ತಗ್ಗು ಗೋಡೆಯ ಆಚೆ ಹಸಿರು ನೀರು. ದಡದ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿದ್ದವು, ಏನೋ ಹೇಳಹೊರಟು ಮರೆತವರ ಹಾಗೆ. ನೋಡುತ್ತ ನೋಡುತ್ತ ನೀರು ಯಾವುದು, ಬೆನ್ನು ಯಾವುದು ಎಂದು ತಿಳಿಯದಾಯಿತು. ಅವಳ ದನಿ ಆ ಬಾಯಿಗಳಲ್ಲಿ ಯಾವುದೋ ಒಂದರೊಳಗೆ ಕೂತಿದೆ, ಬಾಯಿ ಮುಚ್ಚುವ ಮೊದಲು ಹೊರಗೆ ಬಂದೀತು ಎನ್ನಿಸಿತು. ಗೋಡೆ ಹಿಡಿದು ಕಾದೆ.

ಮೊಸಳೆಗಳಿಗೆ ಕೋಳಿ ಎಸೆಯುವ ಕೆಲಸದವನು ಜನರತ್ತ ತಿರುಗಿ ಕೂಗಿದ: "ಗಾರ್ವೆ ಕುಲದೋರು ಯಾರಾದ್ರೂ ಇದ್ದೀರಾ?"

ಚಿಯೆಡ್ಜಾ ನನ್ನ ಕೈ ಹಿಡಿದೆತ್ತಿದಳು.

"ಅಯ್ಯೋ ಅಜ್ಜಾ, ನೆಂಟರ ಮನೆಗೆ ಬರೋಕೆ ಟಿಕೆಟ್ ಯಾಕೆ ತಗೊಂಡ್ರಿ? ಒಳಗೇ ಇಳೀರಿ, ಮಾತಾಡಿಸ್ಕೊಂಡು ಬನ್ನಿ!" ಎಂದ ಅವನು.

ಎಲ್ಲರೂ ನಕ್ಕರು. ಕೋಳಿ ಬಿತ್ತು. ತೆರೆದ ಬಾಯಿಗಳು ಒಂದೊಂದಾಗಿ ಫಟ್ಟೆಂದು ಮುಚ್ಚಿಕೊಂಡವು. ಯಾವುದೂ ಏನನ್ನೂ ಹೇಳಲಿಲ್ಲ.

ಊಟದ ಹೊತ್ತಿಗೆ ಮರದಡಿಯ ಬೆಂಚಿನಲ್ಲಿ ಕೂತೆವು. ಅಳಿಯ ಫಾನುಯೆಲ್ ನನ್ನ ಮೇಲಿನ ಮರ್ಯಾದೆಯಿಂದ ದೂರ, ನೆಲದ ಮೇಲೆ ಕೂತಿದ್ದ. ಅವನ ತಟ್ಟೆಯಲ್ಲಿ ಕರಿದ ಬಿಳಿ ತುಂಡುಗಳಿದ್ದವು. ಚಿಯೆಡ್ಜಾ ಓಡಿಹೋಗಿ ಒಂದನ್ನು ಎತ್ತಿಕೊಂಡಳು. ಅದು ಮೊಸಳೆಯ ಮಾಂಸವೆಂದು ತಿಳಿದ ಕೂಡಲೇ ನಾನೆದ್ದು ಅವಳ ಕೈಗೆ ಹೊಡೆದೆ. ತುಂಡು ಮಣ್ಣಿಗೆ ಬಿತ್ತು.

"ನಮ್ಮ ಮೈಯನ್ನ ನಾವೇ ತಿಂತೀವೇನೆ? ಕುಲದ ಪ್ರಾಣೀನ ತಿಂದ್ರೆ ಹಲ್ಲು ಉದುರಿಹೋಗುತ್ತೆ!"

ಫಾನುಯೆಲ್ ತಲೆ ಎತ್ತದೆ, "ತಪ್ಪಾಯ್ತು ಮಾವ. ಆದರೆ ಅವಳು ನನ್ನ ಕುಲದ ಮಗು. ನಮ್ಮದು ಸಿಂಹ" ಎಂದ.

ಹೌದು. ಮಗುವಿಗೆ ತಂದೆಯ ಕುಲ. ಅಷ್ಟನ್ನೂ ಮರೆತಿದ್ದೆ. ಅವಳು ನನ್ನವಳೆಂದೇ ಹೊಡೆದಿದ್ದೆ. ಶೊರಾಯ್ ಮದುವೆಯಾಗಿ ಹೋದ ಮೇಲೆ ನನ್ನ ಮನೆಯಲ್ಲಿ ನನ್ನ ಕುಲ ನನ್ನೊಬ್ಬನದು.

ಮಾಮೋಯೊ ಕೂಡ ನನ್ನ ಕುಲದವಳಲ್ಲ. ಅವಳದು ಮೋಯೊ, ಎಂದರೆ ಹೃದಯದ ಕುಲ. ಹಿಂದೊಮ್ಮೆ ನೆರೆಯವರು ಒಣಗಿಸಿದ ಮೊಸಳೆ ಮಾಂಸ ಕೊಟ್ಟಾಗ, ನೀನು ತಿನ್ನಬಹುದು ಎಂದಿದ್ದೆ. ಅವಳು ಅದನ್ನು ನಾಯಿಗೆ ಹಾಕಿ, ಮೊಸಳೆಯ ಜೊತೆ ಮಲಗಿ ಮೊಸಳೆಯನ್ನೇ ತಿನ್ನಲೇ ಎಂದು ಗದರಿದ್ದಳು. ಮಾತು ನೆನಪಿತ್ತು. ಗದರಿದ ದನಿ ಇರಲಿಲ್ಲ.

ಚಿಯೆಡ್ಜಾ ಅಳುತ್ತಿದ್ದಳು. ದಾರಿಬದಿಯಲ್ಲಿ ಒಬ್ಬಾಕೆ ಜೋಳದ ತೆನೆ ಸುಡುತ್ತಿದ್ದಳು. ಹೋಗಿ ಒಂದು ತಂದು ಮಗುವಿನ ಮುಂದೆ ಹಿಡಿದೆ. "ತಗೋ ತಾಯಿ. ಮುದುಕನಿಗೆ ಬುದ್ಧಿ ಕೆಟ್ಟಿತ್ತು."

ಅವಳು ಮೂಗು ಒರೆಸಿಕೊಂಡಳು. ತೆನೆಯನ್ನು ಬೆಂಚಿನ ಮೇಲಿಟ್ಟಳು. ಮಂಡಿ ಬಗ್ಗಿಸಿ, ಅಂಗೈ ಬಟ್ಟಲು ಮಾಡಿ ಮೆಲ್ಲಗೆ ತಟ್ಟಿದಳು.

"ಉಪಕಾರವಾಯ್ತು ಗಾರ್ವೆ. ಮಡುವಿನ ಒಡೆಯರೇ, ನೀರಲ್ಲಿದ್ದೂ ದಡ ಮರೆಯದವರೇ, ಉಪಕಾರವಾಯ್ತು."

ಒಡೆಯರೇ ಎಂಬಲ್ಲಿ ಮಾಮೋಯೊ ಸ್ವಲ್ಪ ಉಸಿರು ಹಿಡಿದು, ಮುಂದಿನ ಮಾತನ್ನು ಇಳಿಸಿ ಹೇಳುತ್ತಿದ್ದಳು. ಮಗುವೂ ಅಲ್ಲೇ ಉಸಿರು ಹಿಡಿಯಿತು, ಹಾಗೆಯೇ ಇಳಿಸಿತು. ಆ ಇಳಿತದಲ್ಲಿ ಅವಳಿದ್ದಳು. ಒಲೆಯ ಹೊಗೆಗೆ ಚೂರು ಒರಟಾದ ಆ ದನಿ ನನ್ನ ಎರಡೂ ಕಿವಿಗಳಲ್ಲಿ ತುಂಬಿಕೊಂಡಿತು.

ಶೊರಾಯ್ ಮುಖ ಆಚೆ ತಿರುಗಿಸಿಕೊಂಡಳು.

"ಇದನ್ನ ಯಾರು ಕಲಿಸಿದ್ರು?" ಎಂದು ಮಗುವನ್ನು ಕೇಳಿದೆ.

"ಅಜ್ಜಿ. 'ನಾನು ಇಲ್ಲದಿದ್ರೆ ನೀನೇ ಅವರ ಹೆಂಡ್ತಿ, ನೀನೇ ಹೇಳ್ಬೇಕು' ಅಂದಿದ್ಲು. ನೀನು ನಂಗೆ ಏನೂ ತರ್ಲೇ ಇಲ್ವಲ್ಲ, ಹೇಗೆ ಹೇಳ್ಲಿ?"

"ಇನ್ನೊಂದ್ಸಲ ಹೇಳು."

ಅವಳು ತೆನೆ ಕಚ್ಚುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಮ್‌ಸುಮ್ನೆ ಹೇಳ್ತಾರಾ? ಇನ್ನೊಂದು ತಗೊಂಡು ಬಾ."

ಮಡುವಿನಲ್ಲಿ ಮೊಸಳೆಗಳು ಮತ್ತೆ ಬಾಯಿ ತೆರೆದುಕೊಂಡಿದ್ದವು. ನಾನು ಅವುಗಳ ಕಡೆ ನೋಡದೆ ಜೋಳದವಳ ಹತ್ತಿರ ನಡೆದೆ.