ಚಂದ್ರನ ಮೇಲಿನ ಫರಸಿ

ಅಡಿಗೆಮನೆಯ ನೆಲ ಅರ್ಧ ಒರೆಸಿ ಆಗಿತ್ತು. ನೆಲಕ್ಕೆ ಹಾಸಿದ ಶಹಾಬಾದಿನ ಫರಸಿಕಲ್ಲು ಒದ್ದೆಯಾದರೆ ಕಪ್ಪಾಗುತ್ತದೆ. ಭಾಮಾ ಮೊಳಕಾಲೂರಿ ಹಿಂದೆ ಸರಿದಂತೆಲ್ಲ ಆ ಕಪ್ಪು ಅವಳ ಮುಂದೆ ಹಬ್ಬುತ್ತಿತ್ತು. ಒಗ್ಗರಣೆಯ ವಾಸನೆ ತಡೆಯದೆ ಮೂಗಿಗೆ ಸೆರಗು ಹಿಡಿದಳು. ಮುಟ್ಟಾಗಿ ಹೊರಗೆ ಕೂಡುವ ದಿನ ದಾಟಿ ವಾರವಾಗಿತ್ತು. ಬಸಿರೆಂದು ಅವಳೊಬ್ಬಳಿಗೇ ಗೊತ್ತು.

ನಡುಮನೆಯಲ್ಲಿ ಗಂಡ ಪ್ರಾಣೇಶ ತಾಯಿಗೆ ಪೇಪರು ಓದಿ ಹೇಳುತ್ತಿದ್ದ. ವಾಡಿಯ ರೈಲ್ವೆ ಆಫೀಸಿನಲ್ಲಿ ಅವನು ಗುಮಾಸ್ತ. ಚಂದ್ರನ ಮೇಲೆ ಮತ್ತೆ ಯಾರೋ ಇಳಿದಿದ್ದರು. ನಮಗೆ ಮೊಲದ ಹಾಗೆ ಕಾಣುವ ಕಪ್ಪು ಬರಿಯ ಬಯಲಂತೆ. ಸಮುದ್ರವೆಂದು ಹೆಸರಿಟ್ಟಿದ್ದಾರೆ, ಹನಿ ನೀರಿಲ್ಲ. ಎಂದೋ ಕರಗಿ ಹರಿದ ಕಲ್ಲು ಆರಿ ಚಪ್ಪಟೆಯಾಗಿ ಬಿದ್ದಿದೆಯಂತೆ.

“ಇವರನ್ನ ನೋಡಿ ಮೊಲ ಓಡಿ ಹೋಗಿರಬೇಕು ತಗೊ,” ಎಂದರು ಅತ್ತೆ ಸೀತಾಬಾಯಿ. ಆಮೇಲೆ ಪಂಚಾಂಗದ ಮಾತು ತೆಗೆದರು. ಬರುವ ನೂಲಹುಣ್ಣಿಮೆಗೆ ಖಗ್ರಾಸ ಗ್ರಹಣ.

ಭಾಮಾಳ ಕೈ ನಿಂತಿತು.

ಮೂರು ವರ್ಷದ ಹಿಂದಿನ ಸೂರ್ಯಗ್ರಹಣದಲ್ಲಿ ಅವಳು ಐದು ತಿಂಗಳ ಬಸುರಿ. ನೆರಳು ಬೀಳಬಾರದೆಂದು ಅತ್ತೆ ಅವಳನ್ನು ಕತ್ತಲ ಕೋಣೆಯಲ್ಲಿ ಕೂಡಿಸಿ ಹೊರಗಿನಿಂದ ಚಿಲಕ ಹಾಕಿದ್ದರು. ಸಿಟ್ಟಿನಿಂದಲ್ಲ, ಅಂಜಿಕೆಯಿಂದ. ಅವರ ತಂಗಿಯ ಕೂಸು ತುಟಿ ಸೀಳಿಕೊಂಡು ಹುಟ್ಟಿತ್ತು. ಮಧ್ಯಾಹ್ನವೇ ನೋವು ಎದ್ದಿತು. ಭಾಮಾ ಬಾಗಿಲು ಬಡಿದಳು. ಆಚೆ ಪ್ರಾಣೇಶನ ಜಪದ ದನಿ ಏರಿತು, ಅಷ್ಟೆ. ಗ್ರಹಣ ಬಿಟ್ಟು, ಎಲ್ಲರ ಸ್ನಾನ ಮುಗಿದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಒದ್ದೆ ಫರಸಿಗೆ ಕೆನ್ನೆ ಹಚ್ಚಿ ಬಿದ್ದಿದ್ದಳು.

“ಸಂದಿಯೊಳಗಿಂದ ನೋಡಿರಬೇಕು ಈಕಿ,” ಎಂದಿದ್ದರು ಅತ್ತೆ. ಪ್ರಾಣೇಶ ಇಂದಿನವರೆಗೂ ಆ ಮಾತು ಎತ್ತಿಲ್ಲ.

ಬಕೆಟ್ಟು ಎತ್ತಿಕೊಂಡು ನಡುಮನೆ ದಾಟುವಾಗ ಪೇಪರಿನ ಚಿತ್ರ ಕಂಡಿತು. ಕಪ್ಪು ನೆಲ, ಚಪ್ಪಟೆ, ಒಂದು ಹುಲ್ಲುಕಡ್ಡಿಯಿಲ್ಲ. ಅವಳಿಗೆ ಆ ಜಾಗದ ಗುರುತು ಹತ್ತಿತು.

“ಏನ ನೋಡ್ತಿ?” ಎಂದ ಪ್ರಾಣೇಶ.

“ಏನಿಲ್ರಿ. ನಮ್ಮ ಫರಸಿ ಇದ್ದಂಗ ಅದ.”

ಸೀತಾಬಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. “ಈ ಸಲ ಭಾಳ ತಡಾ ಆತಲ್ಲ, ಭಾಮಾ? ಏನರೆ ಇದ್ರ ಈಗೇ ಹೇಳವಾ. ಕೋಣಿ ಬಳದು ಇಡ್ತೀನಿ.”

“ಏನಿಲ್ರಿ ಅತ್ತಿ. ಟೊಂಕ ನೋಯಾಕತ್ತದ. ಇವತ್ತೋ ನಾಳಿಗೋ ಆಗ್ತದ.”

ಹಿತ್ತಲಿಗೆ ಹೋಗಿ ಕೊಳೆನೀರು ಚೆಲ್ಲಿದಳು. ತಿಂಗಳಿಗೊಮ್ಮೆ ಚಾಪೆ, ತಂಬಿಗೆ ಇಟ್ಟುಕೊಂಡು ಅವಳು ಕೂಡುವ ಕಟ್ಟೆ ಅಲ್ಲೇ ಇತ್ತು. ಆ ದಿನಗಳಲ್ಲಿ ಅವಳನ್ನು ಯಾರೂ ಮುಟ್ಟುವುದಿಲ್ಲ, ಒಳಗೆ ಕರೆಯುವುದಿಲ್ಲ. ಕಟ್ಟೆಗೆ ಬಾಗಿಲಿಲ್ಲ, ಚಿಲಕವಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಹೊರಗಾದೆ ಎಂದು ಹೇಳಿ ಇಲ್ಲಿ ಬಂದು ಕೂಡುವುದು ಎಂದುಕೊಂಡಳು. ಪಾಪ ಬಂದರೆ ತನಗೆ ಬರಲಿ. ಮುಂದೆ ಹೆರಿಗೆಯ ತಿಂಗಳ ಲೆಕ್ಕ ತಪ್ಪಿದರೆ ಕೂಸೇನೂ ಬಂದು ಕೇಳುವುದಿಲ್ಲ.

ಬಟ್ಟೆ ಹಿಂಡಿಕೊಂಡು, ಉಳಿದ ನೆಲ ಒರೆಸಲು ಒಳಗೆ ಹೋದಳು.