ಕೆಂಪು ಬೊಟ್ಟಿನ ಲೋಟ

ಗೋಡೆಯ ಮೊಳೆಗೆ ಬಿಗಿದಿದ್ದ ಪಂಚೆ ಸಡಿಲಾಗಿ ರತ್ನಮ್ಮನ ದೇಹ ಎಡಕ್ಕೆ ವಾಲಿತು. ಆ ಕಡೆ ಕೂತಿದ್ದವಳು ಮಗಳು ಹಂಸಾ. ಹಿಡಿಯಬೇಕಾದವಳು ಹಿಂದಕ್ಕೆ ಸರಿದಳು.

"ಹಿಡೀರಿ, ಹಿಡೀರಿ!" ಎನ್ನುತ್ತ ರತ್ನಮ್ಮನ ತಮ್ಮ ಓಂಕಾರಪ್ಪ ಓಡಿಬಂದು ಭುಜಕ್ಕೆ ಕೈಕೊಟ್ಟ. "ಗಂಟು ಸರಿಯಾಗಿ ಹಾಕಾಕ್ ಬರಲ್ವೇನ್ರೋ ನಿಮ್ಗೆ? ಅಕ್ಕ ಎಂದೂ ಒರಗಿ ಕೂತಾಕಿ ಅಲ್ಲ."

ವೈಜಾಗಿನ ಗಾಜುವಾಕದ ಆ ಅಪಾರ್ಟ್‌ಮೆಂಟಿನವರು ಹೆಣವನ್ನು ಮಲಗಿಸುವುದನ್ನಷ್ಟೇ ಕಂಡವರು. ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಹಣೆಗೂ ತೋಳಿಗೂ ದಪ್ಪಗೆ ವಿಭೂತಿ ಬಳಿದು ಕೂರಿಸುವುದು ಅವರಿಗೆ ಹೊಸದು. ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಲಿಂಗರಾಜ ಹೆಂಡತಿಯ ಎದುರಿಗೆ ಕುರ್ಚಿ ಹಾಕಿಕೊಂಡು, ಅವಳೇ ಮೊದಲು ಮಾತಾಡಲಿ ಎಂದು ಹಟ ಹಿಡಿದವನಂತೆ ಕೂತಿದ್ದ. ಬೆಳಿಗ್ಗೆ ಹಾಲು ಕಾಯಿಸಲು ಎದ್ದವಳು ಎದೆಬಡಿತ ತಪ್ಪಿ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದಿದ್ದಳು.

ಮಾವ ಓಂಕಾರಪ್ಪ, ಅತ್ತೆ ಗಂಗಾಭವಾನಿಯ ಜೊತೆ ಹಂಸಾ ವಿಜಯವಾಡದಿಂದ ಬಂದು ಇಳಿದಾಗ ಮಧ್ಯಾಹ್ನವಾಗಿತ್ತು. ಬಂದವಳೇ ತಾಯಿಯಿಂದ ಮೂರು ಮೊಳ ದೂರ ಕೂತಿದ್ದಳು. ಹಾಗೆ ಕೂರು ಎಂದು ಇವತ್ತು ಯಾರೂ ಹೇಳಿರಲಿಲ್ಲ. ಆರನೆಯ ವಯಸ್ಸಿನಿಂದ ಅದೇ ಅಳತೆ.

*

ಹಂಸಾಗೆ ಆರು ತುಂಬಿದ ವರ್ಷ ರತ್ನಮ್ಮನಿಗೆ ಕೆಮ್ಮು ಹಿಡಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಕ್ಷಯ ಎಂದರು. ರತ್ನಮ್ಮ ತನ್ನ ಲೋಟಕ್ಕೆ ನೇಲ್‌ಪಾಲಿಶಿನ ಕೆಂಪು ಬೊಟ್ಟಿಟ್ಟಳು. ಮಗಳನ್ನು ಕೊಂಡಪಲ್ಲಿಯಲ್ಲಿದ್ದ ತಮ್ಮನ ಮನೆಗೆ ಕಳಿಸಿದಳು. ವಾಸಿಯಾದ ಮೇಲೆ ಕರೆಸಿಕೊಳ್ಳುತ್ತೇನೆ ಎಂದಿದ್ದಳು. ಕರೆಸಿಕೊಳ್ಳಲೇ ಇಲ್ಲ. ಅತ್ತೆ ಗಂಗಾಭವಾನಿ ತೆಲುಗಿನವಳು. ಆ ಮನೆಯಲ್ಲಿ ಹಂಸಾಳ ಕನ್ನಡ ಸವೆಯುತ್ತ ಬಂತು. ವರ್ಷ ಕಳೆಯುವುದರೊಳಗೆ ಅತ್ತೆ ‘ಅಮ್ಮ’ ಆದಳು, ಹಡೆದವಳು ‘ವೈಜಾಗ್ ಅಮ್ಮ’ ಆದಳು. ಬೇಸಿಗೆ ರಜೆಗೆ ಬಂದರೆ ವೈಜಾಗ್ ಅಮ್ಮ ಬಾಯಿಗೆ ಸೆರಗು ಹಿಡಿದು, "ಅಲ್ಲೇ ಕೂತ್ಕಾ, ಹತ್ರ ಬರಬ್ಯಾಡ" ಎನ್ನುತ್ತಿದ್ದಳು. ಕಿಟಕಿಯಲ್ಲಿ ಕೆಂಪು ಬೊಟ್ಟಿನ ಲೋಟ ಬೇರೆಯಾಗಿ ಇರುತ್ತಿತ್ತು.

ದೊಡ್ಡವಳಾಗಿ ಹಂಸಾ ಹಿಡಿದ ಕೆಲಸವೂ ರೋಗದ್ದೇ. ವಿಜಯವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಅಂಕಿಅಂಶ ನೋಡುವುದು. ಕರಾವಳಿ ಜಿಲ್ಲೆಗಳ ಆಸ್ಪತ್ರೆಗಳ ಮೂವತ್ತು ವರ್ಷದ ದಾಖಲೆ ಒಟ್ಟು ಮಾಡಿ, ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆ ಯಾರಿಗೆ ಬರುತ್ತದೆ, ಏಕೆ ಬರುತ್ತದೆ, ಬಂದವರ ಗತಿ ಏನಾಗುತ್ತದೆ ಎಂದು ಹುಡುಕುತ್ತಿದ್ದರು. ದೇಹ ತನ್ನೊಳಗೆ ತಾನೇ ಪುಟ್ಟ ಗಂಟುಗಳನ್ನು ಕಟ್ಟಿಕೊಳ್ಳುವ ಕಾಯಿಲೆ ಅದು. ಎಕ್ಸ್‌ರೇಯಲ್ಲಿ ನೋಡಿದರೆ ಕ್ಷಯದ ಹಾಗೆಯೇ ಕಾಣುತ್ತದೆ, ಆದರೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದಾಖಲೆಯ ಸಾಲುಗಳಲ್ಲಿ ಹೆಸರಿಲ್ಲ, ನಂಬರು ಮಾತ್ರ. ನಂಬರಿನ ಹಿಂದಿರುವ ಮನುಷ್ಯರನ್ನು ಹುಡುಕುವುದಿಲ್ಲ ಎಂದು ಹಂಸಾ ಸಹಿ ಹಾಕಿಕೊಟ್ಟಿದ್ದಳು.

ಅವಳು ಹುಡುಕಲಿಲ್ಲ. ಹೋದ ಸಂಕ್ರಾಂತಿಯ ಹೊತ್ತಿಗೆ ಒಂದು ಸಾಲು ತಾನಾಗಿ ಕಣ್ಣಿಗೆ ಬಿತ್ತು. ಹೆಂಗಸು, ಹುಟ್ಟಿದ್ದು 1964. ಗಂಡ ಉಕ್ಕಿನ ಕಾರ್ಖಾನೆಯ ನೌಕರ. ಮೂರು ವರ್ಷ ಕ್ಷಯದ ಮಾತ್ರೆ, ಗುಣ ಕಂಡಿಲ್ಲ. ಬಲ ಮುಂಗೈಯಲ್ಲಿ ರೊಟ್ಟಿ ಹಂಚು ತಗುಲಿದ ಹಳೆಯ ಸುಟ್ಟ ಕಲೆ, ಆ ಕಲೆಯೊಳಗೆ ಹೊಸ ಗಂಟು. ಚೂರು ತೆಗೆದು ಪರೀಕ್ಷಿಸಿದೆ: ಸಾರ್ಕಾಯ್ಡೋಸಿಸ್. ಕ್ಷಯವಲ್ಲವೆಂದು ರೋಗಿಗೆ ತಿಳಿಸಿದೆ. ಇಸವಿ 1999.

ಆ ಮುಂಗೈ ಹಂಸಾಗೆ ಗೊತ್ತಿತ್ತು. ದೂರದಿಂದ ನೋಡಿ ನೋಡಿಯೇ ಬಾಯಿಪಾಠವಾಗಿದ್ದ ಕೈ ಅದು.

1999ರಲ್ಲಿ ಅವಳಿಗೆ ಒಂಬತ್ತು. ಹಾಗಾದರೆ ಯಾಕೆ ಕರೆಸಿಕೊಳ್ಳಲಿಲ್ಲ? ಕೇಳಿದರೆ ಸಹಿಗೆ ದ್ರೋಹ. ಕೇಳದಿದ್ದರೆ ನಿದ್ದೆಯಿಲ್ಲ. ಏನಾದರಾಗಲಿ ಎಂದು ಮೂರು ಸಲ ಫೋನು ಮಾಡಿದಳು. ಮೂರು ಸಲವೂ ಬಾಯಿಂದ ಬಂದದ್ದು "ಊಟ ಆಯ್ತಾ?" ಎಂಬುದೊಂದೇ. ಆ ಕಡೆಯಿಂದ "ಆತು, ನಿಂದು?" ಎಂದು ಬಂತು.

*

ಅನಕಾಪಲ್ಲಿಯ ಜಂಗಮರು ಇನ್ನೂ ದಾರಿಯಲ್ಲಿದ್ದರು. ತೀರ್ಥ ಹಾಕಲು ಸತ್ತವರದೇ ಲೋಟ ತನ್ನಿ ಎಂದು ಓಂಕಾರಪ್ಪ ಹೇಳಿದ್ದರಿಂದ ಹಂಸಾ ಅಡುಗೆಮನೆಗೆ ಹೋದಳು. ಕಿಟಕಿಯಲ್ಲಿ ಲೋಟ ಇರಲಿಲ್ಲ.

ಎದುರು ಮನೆಯ ಹೈಮಾವತಿ ಅಲ್ಲಿ ನೀರು ತುಂಬುತ್ತಿದ್ದಳು. ತೆಲುಗಿನ ಹೆಂಗಸು, ಹನ್ನೆರಡು ವರ್ಷ ರತ್ನಮ್ಮನ ಜೊತೆ ಹರಟೆ ಹೊಡೆದೇ ಅವಳ ದಾವಣಗೆರೆಯ ಕನ್ನಡ ಕಲಿತವಳು. ಹಂಸಾಳಿಗಿಂತ ಚೊಕ್ಕವಾಗಿಯೇ ಆಡುತ್ತಿದ್ದಳು.

"ಏನ್ ಹುಡುಕ್ತೀಯಮ್ಮಾ?"

"ವೈಜಾಗ್ ಅಮ್ಮನ ಲೋಟ... ಕೆಂಪು ಬೊಟ್ಟಿಂದು."

"ಓ, ಅದಾ? ಅಟ್ಟದ ಮ್ಯಾಲೈತಿ ನೋಡು." ಹೈಮಾವತಿ ಸ್ಟೂಲು ಹತ್ತಿ, ಧೂಳು ಹಿಡಿದ ಲೋಟ ಇಳಿಸಿ ಸೆರಗಿನಿಂದ ಒರೆಸಿ ಕೊಟ್ಟಳು. "ನೀ ಬರಾ ಹಿಂದ್ಲ ದಿನ ಇಳಿಸಿ ಕಿಟಕ್ಯಾಗೆ ಇಡೋರು. ನೀ ಹೋದ್ಮ್ಯಾಲೆ ಮತ್ತೆ ಅಟ್ಟಕ್ಕೆ. ಯಾವ್ದೋ ಹರಕಿ ಇರ್ಬೇಕು ಅಂತ ನಾನು ಕೇಳ್ಲಿಲ್ಲ."

"ದಿನಾ ಯಾವ್ದರಲ್ಲಿ ಕುಡೀತಿದ್ರು?"

"ಕೈಗೆ ಸಿಕ್ಕಿದ್ರಾಗೆ. ನನ್ ಲೋಟದ ಕಾಫೀನೇ ಅರ್ಧ ಬಗ್ಗಿಸ್ಕಂಡು ಕುಡಿಯೋರು. ನನ್ ಮೊಮ್ಮಗಳು ಹಾರಿಕಾ ನಿಮ್ಮಮ್ಮನ ತೊಡಿ ಮ್ಯಾಲೇ ಬೆಳದಾಳೆ."

ಹಂಸಾಗೆ ಹೊಟ್ಟೆಕಿಚ್ಚಾಯಿತು. ಮೂವತ್ತೈದು ವರ್ಷದವಳಿಗೆ, ತಾನು ಕಂಡೇ ಇರದ ಒಂದು ಮಗುವಿನ ಮೇಲೆ. ನಾಚಿಕೆಪಡಲೂ ಪುರುಸೊತ್ತಾಗಲಿಲ್ಲ. ಬಾಗಿಲಲ್ಲಿ ಗಂಗಾಭವಾನಿ ನಿಂತು ಲೋಟವನ್ನೇ ನೋಡುತ್ತಿದ್ದಳು. ಹೈಮಾವತಿ ಕೊಡ ಎತ್ತಿಕೊಂಡು ಹೊರಗೆ ಹೋದಳು.

"1999ರಲ್ಲೇ ಗೊತ್ತಿತ್ತು ಅವರಿಗೆ. ಅಲ್ವಾ ಅಮ್ಮಾ?" ಎಂದಳು ಹಂಸಾ.

"ನಿನಗೆ ಯಾರು ಹೇಳಿದ್ರು ತಲ್ಲೀ?"

"ಯಾರೂ ಹೇಳಲಿಲ್ಲ."

ಗಂಗಾಭವಾನಿ ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತಳು. ಗಂಡನ ಅಕ್ಕನನ್ನು ಅವಳು ಕರೆಯುತ್ತಿದ್ದದ್ದು ತೆಲುಗಿನಲ್ಲೇ, ‘ವದಿನ’ ಎಂದು.

"ವದಿನ ನಿನ್ನ ಕರ್ಕೊಂಡು ಹೋಗೋಕೆ ಬಂದಿದ್ರು. ವಾಪಸ್ ಟಿಕೆಟ್ ಎರಡು ತಂದಿದ್ರು, ಒಂದು ನಿಂದು, ಅರ್ಧ ಟಿಕೆಟ್. ಆ ತಿಂಗಳೇ ನಂದು ಮೂರನೇ ಬಸಿರೂ ಹೋಗಿತ್ತು. ಐದು ತಿಂಗಳು ತುಂಬಿತ್ತು. ನೀನು ಸ್ಕೂಲಿಂದ ಬಂದೆ, ‘ಅಮ್ಮಾ’ ಅಂತ ನನ್ನ ಸೆರಗಲ್ಲಿ ಮುಖ ಒರೆಸ್ಕೊಂಡೆ. ವದಿನ ನೋಡ್ತಾ ಇದ್ರು. ನೀನು ಆಡೋಕೆ ಹೋದ್ಮೇಲೆ ನಾನು ಅವರ ಕಾಲು ಹಿಡ್ಕೊಂಡೆ, ಬಿಡಲಿಲ್ಲ."

"ಅವರೇನಂದ್ರು?"

"ಸಂಜೆ ಒಬ್ರೇ ಹೊರಟ್ರು. ಹೊರಡೋವಾಗ ಅಂದ್ರು, ‘ಕಾಯ್ಲೆ ಅಂತ್ಲೇ ಹೇಳು ಗಂಗಾ. ಕಾಯ್ಲೇನ ಬೈಕೊಂಡು ಬೆಳೀಲಿ. ಕೊಟ್ಟುಬಿಟ್ಳು ಅಂತ ಗೊತ್ತಾದ್ರೆ ನನ್ನೂ ಬಿಡ್ತಾಳೆ, ನಿನ್ನೂ ಅಮ್ಮಾ ಅನ್ನಲ್ಲ.’ ನಾನು ನಿನ್ನ ಅವರಿಗೆ ವಾಪಸ್ ಕೊಡಬಹುದಿತ್ತು. ಮಾರನೇ ವರ್ಷ, ಅದರ ಮಾರನೇ ವರ್ಷ... ಕೊಡಲಿಲ್ಲ ತಲ್ಲೀ."

ಹಂಸಾಗೆ ಯಾರನ್ನಾದರೂ ಬೈಯಬೇಕಿತ್ತು. ಸತ್ತವಳನ್ನು ಬೈಯುವಂತಿರಲಿಲ್ಲ; ಎದುರಿಗೆ ಕೂತವಳನ್ನು ಬೈಯಲು ಬಾಯಿ ಏಳಲಿಲ್ಲ. ಎಷ್ಟು ಬೇಸಿಗೆ ರಜೆ! ಅದರಲ್ಲಿ ಒಂದೇ ಒಂದು ಮಧ್ಯಾಹ್ನ ಸಿಕ್ಕಿದ್ದರೆ ಸಾಕಾಗಿತ್ತು ಎಂದು ಅವಳ ಜೀವ ಹಂಬಲಿಸಿತು. ಲೋಟವನ್ನು ನಲ್ಲಿಯಲ್ಲಿ ತೊಳೆದು ಎತ್ತಿಕೊಂಡು ಹೊರಗೆ ಬಂದಳು.

*

ಜಂಗಮರು ಬಂದರು. ಕೆಂಪು ಬೊಟ್ಟಿನ ಲೋಟದಿಂದ ರತ್ನಮ್ಮನ ಬಾಯಿಗೆ ತೀರ್ಥ ಬಿಟ್ಟು, ಬಿಲ್ವಪತ್ರೆ ಏರಿಸಿ, "ನೋಡೋರು ಕಡೇ ಸಲ ನೋಡ್ಕೊಳ್ಳಿ" ಎಂದರು. ಭೀಮುನಿಪಟ್ಟಣದ ದಾರಿಯಲ್ಲಿ ಗುಂಡಿ ತೋಡಿ ಸಿದ್ಧವಾಗಿತ್ತು.

ಹಂಸಾ ಎದ್ದಳು. ಮೂರು ಮೊಳವನ್ನು ಎರಡು ಹೆಜ್ಜೆಯಲ್ಲಿ ದಾಟಿ ತಾಯಿಯ ಎದುರು ಕೂತಳು. "ಅಮ್ಮಾ" ಎಂದಳು. ಅದರ ಮುಂದೆ ವೈಜಾಗ್ ಎಂಬುದು ಬರಲಿಲ್ಲ. ಮಡಿಸಿದ ಕಾಲಿನ ಮೇಲೆ ಬಲಗೈ ಇತ್ತು, ಸುಟ್ಟ ಕಲೆ ಮೇಲಾಗಿ. ಅದರ ಮೇಲೆ ಕೆನ್ನೆಯಿಟ್ಟು ಆ ಮಡಿಲಲ್ಲಿ ಮಲಗಿದಳು. ಕೈ ತಣ್ಣಗಿತ್ತು.

"ಹಂಸಾ, ಹೊತ್ತಾತವ್ವ..." ಎಂದು ಓಂಕಾರಪ್ಪ ಬಗ್ಗಿದ.

ಬೆಳಗಿನಿಂದ ತುಟಿ ಬಿಚ್ಚದಿದ್ದ ಲಿಂಗರಾಜ, "ಇರ್ಲಿ ಬಿಡೋ. ಮಲಕ್ಕೊಳ್ಳಲಿ" ಎಂದ.

ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದು ನಿಂತಾಗ ಎಡಗೆನ್ನೆಯ ತುಂಬ, ಕಿವಿಯಿಂದ ಬಾಯಿಯವರೆಗೆ, ತಾಯಿಯ ಮೈಯ ವಿಭೂತಿ ಮೆತ್ತಿಕೊಂಡಿತ್ತು. ಕಣ್ಣೀರಿಗೆ ನೆನೆದು ಅಲ್ಲಲ್ಲಿ ಗಟ್ಟಿಯಾಗಿತ್ತು. ಗಂಗಾಭವಾನಿ ಎಂದಿನಂತೆ ಅವಸರದಿಂದ ಹತ್ತಿರ ಬಂದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆ ಕೆನ್ನೆಯತ್ತ ಕೈ ಎತ್ತಿದಳು. ಹಂಸಾ ಹಿಂದೆ ಸರಿಯಲಿಲ್ಲ. ಕೆನ್ನೆಗೆ ಇನ್ನೊಂದು ಅಂಗುಲವಿರುವಾಗ ಆ ಕೈ ತಾನಾಗಿ ನಿಂತಿತು. ಗಂಗಾಭವಾನಿ ಬೆರಳಿನಿಂದ ಸೆರಗನ್ನು ಬಿಚ್ಚಿ, ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.